ಸ್ಪ್ಯಾನಿಷ್ ಪ್ರಶ್ನಾವಳಿ: ಅನುವಾದ ಮುಗಿದ ಮೇಲೆ ಶುರುವಾಗುವ ಕೆಲಸ

1979ರಲ್ಲಿ ಸ್ಪೇನಿನ ಮನೋವೈದ್ಯ ಆಂತೋನಿಯೊ ಲೋಬೊ ಮತ್ತವರ ತಂಡ ಅಮೆರಿಕದ ಒಂದು ಪುಟ್ಟ ಪರೀಕ್ಷೆಯನ್ನು ಸ್ಪ್ಯಾನಿಷ್‌ಗೆ ತಂದಿತು. ನೆನಪಿನ ಶಕ್ತಿ, ಗಮನ, ಲೆಕ್ಕ, ಮಾತು ಇವನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಅಳೆಯುವ, 1975ರಲ್ಲಿ ಪ್ರಕಟವಾದ ಮಿನಿ-ಮೆಂಟಲ್ ಪರೀಕ್ಷೆ ಅದು. ಮೂಲದಲ್ಲಿ ರೋಗಿಯು 'ನೋ ಇಫ್ಸ್, ಆಂಡ್ಸ್ ಆರ್ ಬಟ್ಸ್' ಎಂಬ ಮಾತನ್ನು ಕೇಳಿ ಹಾಗೇ ತಿರುಗಿ ಹೇಳಬೇಕು. ಆ ಮಾತಿನ ಅರ್ಥ ಇಲ್ಲಿ ಮುಖ್ಯವೇ ಅಲ್ಲ. ಒಂದಕ್ಕೊಂದು ಅಂಟಿಕೊಂಡ ಪುಟ್ಟ ಪದಗಳಲ್ಲಿ ನಾಲಿಗೆ ತಡವರಿಸುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಆ ತೊಡಕು ಮಾಯವಾಗಿಬಿಡುತ್ತದೆ. ಲೋಬೊ ತಂಡ ಅದನ್ನು ಪೂರ್ತಿ ಬಿಟ್ಟು, 'ಎನ್ ಉನ್ ತ್ರಿಗಾಲ್ ಅಬೀಯ ಸಿಂಕೊ ಪೆರ್ರೋಸ್', ಅಂದರೆ 'ಗೋಧಿ ಹೊಲದಲ್ಲಿ ಐದು ನಾಯಿಗಳಿದ್ದವು' ಎಂಬ ವಾಕ್ಯ ಇಟ್ಟಿತು. ಅರ್ಥಕ್ಕೂ ಮೂಲಕ್ಕೂ ಸಂಬಂಧವೇ ಇಲ್ಲ. ಆದರೆ ನಾಲಿಗೆಗೆ ಕೊಡುವ ಕೆಲಸ ಅದೇ.

ಲೆಕ್ಕದ ಪ್ರಶ್ನೆಯೂ ಬದಲಾಯಿತು. 100ರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನುವ ಬದಲು, 'ನಿಮ್ಮ ಹತ್ತಿರ 30 ಪೆಸೆಟಾ (ಸ್ಪೇನಿನ ಆಗಿನ ಹಣ) ಇದೆ, ನನಗೆ ಮೂರು ಮೂರಾಗಿ ಕೊಡುತ್ತಾ ಹೋದರೆ ಎಷ್ಟು ಉಳಿಯುತ್ತದೆ?' ಎಂದು ಕೇಳಿದರು. ಹೆಚ್ಚು ಓದದ ಹಿರಿಯರಿಗೂ ಅಂಗಡಿಯ ಲೆಕ್ಕ ಗೊತ್ತು. ಜೊತೆಗೆ ಇನ್ನೆರಡು ಬಗೆಯ ಪ್ರಶ್ನೆ ಸೇರಿ ಒಟ್ಟು ಅಂಕ 30ರಿಂದ 35ಕ್ಕೆ ಏರಿತು. ಅಲ್ಲಿಗೆ ಮೂಲದ ಅಂಕಗಳ ಗಡಿಯನ್ನು, ಅಂದರೆ ಎಷ್ಟಕ್ಕಿಂತ ಕಡಿಮೆ ಬಂದರೆ ತೊಂದರೆಯ ಶಂಕೆ ಎಂಬುದನ್ನು, ಹಾಗೇ ಎತ್ತಿಕೊಳ್ಳುವ ದಾರಿ ಮುಚ್ಚಿತು. ಹೊಸ ಗಡಿಯನ್ನು ಅಲ್ಲಿನ ರೋಗಿಗಳ ಮೇಲೆಯೇ ಕಂಡುಕೊಳ್ಳಬೇಕಾಯಿತು. 2002ರ ಜನವರಿಯಲ್ಲಿ ಯೂರೋ ನೋಟು ಕೈಗೆ ಬಂದ ಮೇಲೆ ಪೆಸೆಟಾದ ಪ್ರಶ್ನೆಗೂ ವಯಸ್ಸಾಯಿತು.

ಮನಶ್ಶಾಸ್ತ್ರದ ಪ್ರಶ್ನಾವಳಿಗಳನ್ನು ಸ್ಪ್ಯಾನಿಷ್ ಮಾತಾಡುವವರಿಗೆ ಒಗ್ಗಿಸುವ ಕೆಲಸದ ತಿರುಳೆಲ್ಲ ಈ ಒಂದು ಉದಾಹರಣೆಯಲ್ಲೇ ಇದೆ. ಆದರೂ ಇವತ್ತಿಗೂ ಎಷ್ಟೋ ಸಂಶೋಧನಾ ಲೇಖನಗಳಲ್ಲಿ 'ಈ ಪ್ರಶ್ನಾವಳಿ ಸ್ಪ್ಯಾನಿಷ್‌ನಲ್ಲಿ ವ್ಯಾಲಿಡೇಟ್ ಆಗಿದೆ' ಎಂಬ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ವ್ಯಾಲಿಡೇಟ್ ಎಂದರೆ ಅಳೆಯಬೇಕಾದ್ದನ್ನೇ ಅಳೆಯುತ್ತದೆ ಎಂದು ಪರೀಕ್ಷಿಸಿ ತೋರಿಸುವುದು. ಆ ಸಾಲು ಅರ್ಧ ವಾಕ್ಯ ಮಾತ್ರ. ಯಾವ ದೇಶದ, ಯಾವ ವಯಸ್ಸಿನ, ಎಷ್ಟು ಓದಿದ ಜನರ ಮೇಲೆ, ಯಾವ ಉದ್ದೇಶಕ್ಕೆ ಎಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ. ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ಪೋರ್ಟೊರಿಕೊ ಮತ್ತು ಅಮೆರಿಕದ ಕೋಟ್ಯಂತರ ಭಾಷಿಕರು ಬೇರೆ. ಮ್ಯಾಡ್ರಿಡ್‌ನ ಕಾಲೇಜು ಹುಡುಗಿಗೆ ಸರಿಹೊಂದಿದ್ದು, ಕ್ವೆಚುವಾ ಮನೆಮಾತಿನ ಪೆರುವಿನ ಬೆಟ್ಟದೂರಿನ ರೈತನಿಗೂ ಸರಿಹೊಂದುತ್ತದೆ ಎಂದು ನಂಬಲು ಯಾವ ಆಧಾರವೂ ಇಲ್ಲ.

ಪದಗಳಿಂದಲೇ ಶುರುಮಾಡೋಣ. 'ಕೊಹೆರ್' ಎಂಬ ಕ್ರಿಯಾಪದಕ್ಕೆ ಸ್ಪೇನಿನಲ್ಲಿ 'ಹಿಡಿ, ತಗೋ' ಎಂಬ ದಿನಬಳಕೆಯ ಅರ್ಥ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅದು ಲೈಂಗಿಕ ಬೈಗುಳ. 'ಕೊನ್ಸ್ತಿಪಾದೊ' ಎಂದರೆ ಸ್ಪೇನಿನವರಿಗೆ ನೆಗಡಿ. ಲ್ಯಾಟಿನ್ ಅಮೆರಿಕದ ಹಲವೆಡೆ ಮಲಬದ್ಧತೆ. ದೇಹದ ತೊಂದರೆಗಳನ್ನು ಪಟ್ಟಿ ಮಾಡುವ ಪ್ರಶ್ನಾವಳಿಯಲ್ಲಿ ಇಂಥ ಒಂದು ಪದ ನುಸುಳಿದರೆ ಸಾಕು, ಒಂದೇ ಸಾಲು ಎರಡು ದೇಶಗಳಲ್ಲಿ ಎರಡು ಬೇರೆ ಸಂಗತಿಗಳನ್ನು ಅಳೆಯುತ್ತದೆ. ಓದುಗರನ್ನು ಹೇಗೆ ಮಾತಾಡಿಸಬೇಕು ಎಂಬುದೂ ಸಣ್ಣ ವಿಷಯವಲ್ಲ. ಆಪ್ತವಾದ 'ತು', ಗೌರವದ 'ಉಸ್ತೆದ್', ಬ್ಯೂನಸ್ ಐರಿಸ್‌ನಲ್ಲಿ ಎಲ್ಲರ ಬಾಯಲ್ಲಿರುವ 'ವೋಸ್'. ನಮ್ಮ ನೀನು–ನೀವು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಪ್ಪತ್ತರ ಹಿರಿಯರಿಗೆ 'ನೀನು ಅಳ್ತೀಯಾ?' ಎಂದು ಮುದ್ರಿಸಿದ ಹಾಳೆ ಕೊಟ್ಟರೆ ಬರುವ ಉತ್ತರದಲ್ಲಿ ಮುಜುಗರವೂ ಸೇರಿರುತ್ತದೆ.

ಇನ್ನೊಂದು ಸೂಕ್ಷ್ಮ ಸ್ಪ್ಯಾನಿಷ್‌ನ ವ್ಯಾಕರಣದಲ್ಲೇ ಇದೆ. ಆ ಭಾಷೆಯಲ್ಲಿ 'ಇರು' ಎನ್ನುವುದಕ್ಕೆ ಎರಡು ಕ್ರಿಯಾಪದ: ಸ್ವಭಾವಕ್ಕೆ 'ಸೆರ್', ಸದ್ಯದ ಸ್ಥಿತಿಗೆ 'ಎಸ್ತಾರ್'. 'ಸೊಯ್ ನೆರ್ವಿಯೋಸೊ' ಎಂದರೆ ನಾನು ಹುಟ್ಟಾ ಆತಂಕದ ಮನುಷ್ಯ. 'ಎಸ್ತೊಯ್ ನೆರ್ವಿಯೋಸೊ' ಎಂದರೆ ಈಗ ಆತಂಕವಾಗಿದೆ. ಸ್ಪೀಲ್‌ಬರ್ಗರ್ ಅವರ ಆತಂಕದ ಪ್ರಶ್ನಾವಳಿ ಈ ಎರಡನ್ನೇ ಬೇರೆಬೇರೆಯಾಗಿ ಅಳೆಯುತ್ತದೆ: ಈ ಕ್ಷಣದ ಆತಂಕಕ್ಕೆ ಒಂದು ಭಾಗ, ಸ್ವಭಾವದ ಆತಂಕಕ್ಕೆ ಇನ್ನೊಂದು. ಇಂಗ್ಲಿಷ್‌ನಲ್ಲಿ ಎರಡಕ್ಕೂ 'ಐ ಆಮ್' ಒಂದೇ, ವ್ಯತ್ಯಾಸ ಹೇಳುವ ಹೊಣೆ ಹಾಳೆಯ ಮೇಲ್ಭಾಗದ ಸೂಚನೆಯದು. ಸ್ಪ್ಯಾನಿಷ್‌ನಲ್ಲಿ ಪ್ರತಿ ಸಾಲಿಗೂ ಅನುವಾದಕ ಆಯ್ಕೆ ಮಾಡಲೇಬೇಕು. ಮೆಕ್ಸಿಕೊದಲ್ಲಿ 'ಇದಾರೆ' ಎಂಬ ಹೆಸರಿನಲ್ಲಿ 1975ರಲ್ಲಿ ಬಂದ ಆವೃತ್ತಿಗೆ ಸ್ಪೀಲ್‌ಬರ್ಗರ್ ಜೊತೆ ಕೈಜೋಡಿಸಿದವರು ಅಲ್ಲಿನ ಮನಶ್ಶಾಸ್ತ್ರಜ್ಞ ರೊಹೆಲಿಯೊ ದಿಯಾಸ್-ಗೆರ್ರೆರೊ. ಇಲ್ಲಿ ಭಾಷೆ ಮೂಲಕ್ಕಿಂತ ಹರಿತವಾದ ಕತ್ತಿ ಕೊಡುತ್ತದೆ. ತಪ್ಪಾಗಿ ಹಿಡಿದರೆ ಸ್ವಭಾವದ ಪ್ರಶ್ನೆ ಇವತ್ತಿನ ಮನಸ್ಥಿತಿಯ ಪ್ರಶ್ನೆಯಾಗಿಬಿಡುತ್ತದೆ.

ಕೆಲಸದ ಕ್ರಮ ಕಾಗದದ ಮೇಲೆ ಸರಳ. ಮೊದಲು ಹಕ್ಕುದಾರರ ಒಪ್ಪಿಗೆ. ಖಿನ್ನತೆಯ ಒಂಬತ್ತು ಸಾಲುಗಳ ಪ್ರಶ್ನಾವಳಿ ಪಿಎಚ್‌ಕ್ಯೂ-9ನಂಥವು ಉಚಿತ, ಬೆಕ್ ಅವರ ಖಿನ್ನತೆಯ ಪ್ರಶ್ನಾವಳಿಯಂಥವು ಪ್ರಕಾಶಕರ ಸ್ವತ್ತು. ಆಮೇಲೆ ಗುರಿಭಾಷೆಯೇ ಮನೆಮಾತಾದ ಕನಿಷ್ಠ ಇಬ್ಬರು ಅನುವಾದಕರು ಒಬ್ಬರನ್ನೊಬ್ಬರು ನೋಡದೆ ಅನುವಾದಿಸಬೇಕು. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಗೊತ್ತಿಲ್ಲದವರು ಜನರ ಮಾತಿಗೆ ಹತ್ತಿರದ ಪದ ಹುಡುಕುತ್ತಾರೆ. ಎರಡನ್ನೂ ಮುಂದಿಟ್ಟುಕೊಂಡು ಒಂದು ಸಮಿತಿ ಸಾಲು ಸಾಲಾಗಿ ಚರ್ಚಿಸಿ, ಯಾಕೆ ಇದನ್ನು ಬಿಟ್ಟು ಅದನ್ನು ಆರಿಸಿತು ಎಂದು ಬರೆದಿಡಬೇಕು. ಒಂದೇ ಆವೃತ್ತಿಯನ್ನು ಹಲವು ದೇಶಗಳಿಗೆ ಬಳಸುವುದಾದರೆ ಸಮಿತಿಯಲ್ಲಿ ಮೆಕ್ಸಿಕೊ, ಕೆರಿಬಿಯನ್, ಆಂಡಿಸ್, ಅರ್ಜೆಂಟೀನಾದ ಕಡೆಯವರೂ ಸ್ಪೇನಿನವರೂ ಇರಬೇಕು.

ಹಿಮ್ಮುಖ ಅನುವಾದದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಪ್ಯಾನಿಷ್ ಪಠ್ಯವನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷ್‌ಗೆ ತಿರುಗಿಸಿ ಮೂಲದೊಂದಿಗೆ ಹೋಲಿಸುವ ಈ ಪದ್ಧತಿ 1970ರ ಬ್ರಿಸ್ಲಿನ್ ಅವರ ಲೇಖನದಿಂದ ಹೆಸರಾಯಿತು. ಎಷ್ಟೋ ಕಡೆ ಇದೊಂದನ್ನು ಮಾಡಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. 1977ರ ಸಿಇಎಸ್-ಡಿ ಎಂಬ ಖಿನ್ನತೆಯ ಪ್ರಶ್ನಾವಳಿಯ ಒಂದು ಸಾಲಿನಲ್ಲಿ 'ಬ್ಲೂಸ್' ಎಂಬ ಪದವಿದೆ, ಇಂಗ್ಲಿಷ್‌ನಲ್ಲಿ ಅದಕ್ಕೆ ಮನಸ್ಸಿನ ದುಃಖ ಎಂಬ ಅರ್ಥ. ಇದನ್ನು ಯಾರಾದರೂ ನೀಲಿ ಬಣ್ಣದ 'ಅಸುಲ್' ಎಂದೇ ಇಟ್ಟರು ಎನ್ನಿ. ಹಿಮ್ಮುಖ ಅನುವಾದಕ ಅದನ್ನು ಮತ್ತೆ 'ಬ್ಲೂ' ಎಂದೇ ತಿರುಗಿಸುತ್ತಾನೆ. ಮೂಲಕ್ಕೂ ಇದಕ್ಕೂ ಕೂದಲೆಳೆಯಷ್ಟೂ ಅಂತರವಿಲ್ಲ, ಸಮಿತಿಗೆ ಸಮಾಧಾನ. ಓದುವ ಸ್ಪ್ಯಾನಿಷ್ ಹೆಂಗಸಿಗೆ ಮಾತ್ರ ಬಣ್ಣಕ್ಕೂ ದುಃಖಕ್ಕೂ ಏನು ಸಂಬಂಧ ಎಂದೇ ತಿಳಿಯದು. ಹಿಮ್ಮುಖ ಅನುವಾದ ದೊಡ್ಡ ತಪ್ಪುಗಳನ್ನು ಹಿಡಿಯುತ್ತದೆ, ಆದರೆ ಅತಿ ನಿಷ್ಠೆಯ ಅನುವಾದಕ್ಕೆ ಪೂರ್ಣ ಅಂಕ ಕೊಟ್ಟುಬಿಡುತ್ತದೆ. ಹಲವು ದೇಶಗಳಲ್ಲಿ ನಡೆಯುವ ಯುರೋಪಿಯನ್ ಸೋಷಿಯಲ್ ಸರ್ವೆ ಎಂಬ ಸಮೀಕ್ಷೆಯು ಅನುವಾದ ಸಮಿತಿಯ ಪರಿಶೀಲನೆ ಮತ್ತು ಪೂರ್ವಪರೀಕ್ಷೆಯ ಮೇಲೆ ಭಾರ ಹಾಕಿರುವುದು ಸರಿಯಾಗಿಯೇ ಇದೆ. ಇಂಟರ್‌ನ್ಯಾಷನಲ್ ಟೆಸ್ಟ್ ಕಮಿಷನ್‌ನ ಮಾರ್ಗಸೂಚಿಯ ಎರಡನೆಯ ಆವೃತ್ತಿ ಕೂಡ ಹಿಮ್ಮುಖ ಅನುವಾದವೊಂದನ್ನೇ ನೆಚ್ಚಬೇಡಿ ಎನ್ನುತ್ತದೆ.

ನಮ್ಮ ದೃಷ್ಟಿಯಲ್ಲಿ ಇಡೀ ಕ್ರಮದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಹಂತ ಸಾಮಾನ್ಯ ಜನರೊಡನೆ ಕೂತು ಒಂದೊಂದು ಸಾಲನ್ನೂ ಓದಿಸುವುದು. ಐದರಿಂದ ಹತ್ತು ಜನರ ಸುತ್ತುಗಳು, ಪ್ರತಿ ಸುತ್ತಿನ ಮಧ್ಯೆ ತಿದ್ದುಪಡಿ. ಕೊನೆಗೆ ಮೂವತ್ತು–ನಲವತ್ತು ಜನರ ಪೂರ್ವಪರೀಕ್ಷೆ. 'ಅರ್ಥವಾಯಿತೇ?' ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. 'ಈ ಸಾಲನ್ನು ನಿಮ್ಮ ಮಾತಲ್ಲಿ ಹೇಳಿ', 'ಉತ್ತರ ಕೊಡುವಾಗ ಏನು ನೆನಪಾಯಿತು?' ಎಂದು ಕೇಳಬೇಕು. ಪಿಎಚ್‌ಕ್ಯೂ-9 ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತದೆ. ಸ್ಪ್ಯಾನಿಷ್ ಮಾತಾಡುವವರು ಎರಡು ವಾರಕ್ಕೆ 'ಕಿನ್ಸೆ ದಿಯಾಸ್', ಹದಿನೈದು ದಿನ ಎನ್ನುತ್ತಾರೆ. ಒಂದು ವಾರಕ್ಕೆ ಎಂಟು ದಿನ. ಕನ್ನಡದಲ್ಲೂ ನಾವು ಎಣಿಸುವುದು ಹೀಗೆಯೇ. 'ಅರ್ಧಕ್ಕಿಂತ ಹೆಚ್ಚು ದಿನ' ಎಂಬ ಉತ್ತರದ ಆಯ್ಕೆ ಬಂದಾಗ ಓದುವವರ ತಲೆಯಲ್ಲಿ ಅರ್ಧ ಎಂದರೆ ಏಳೋ ಎಂಟೋ, ಅಥವಾ ಅವರು ಲೆಕ್ಕವನ್ನೇ ಹಾಕದೆ 'ಬಹಳ' ಎಂದು ಓದಿಕೊಂಡರೋ ಎಂಬುದು ಈ ಕೂಟದಲ್ಲಿ ಮಾತ್ರ ಹೊರಬರುತ್ತದೆ. ಅದೇ ಪ್ರಶ್ನಾವಳಿಯ ನಿದ್ರೆಯ ಸಾಲು ನಿದ್ರೆ ಬಾರದಿರುವುದನ್ನೂ ವಿಪರೀತ ನಿದ್ರೆಯನ್ನೂ ಒಟ್ಟಿಗೆ ಕೇಳುತ್ತದೆ. ಕೊನೆಯ ಭಾಗ ಕೇಳುವಷ್ಟರಲ್ಲಿ ಮೊದಲ ಭಾಗ ಮರೆತವರು 'ಇಲ್ಲ, ನಾನು ಜಾಸ್ತಿ ಮಲಗೋದಿಲ್ಲ' ಎಂದು ಸೊನ್ನೆ ಹಾಕಿಸುತ್ತಾರೆ.

ತಿರುಗುಮುರುಗು ಸಾಲುಗಳದು ಇನ್ನೊಂದು ತಲೆನೋವು. ಎಲ್ಲದಕ್ಕೂ ಹೌದೆನ್ನುವ ಅಭ್ಯಾಸವನ್ನು ತಡೆಯಲು ಅರ್ಧ ಸಾಲುಗಳನ್ನು ಉಲ್ಟಾ ಬರೆಯುವುದು ಹಳೆಯ ರೂಢಿ. 1965ರ ರೋಸೆನ್‌ಬರ್ಗ್ ಆತ್ಮಗೌರವದ ಅಳತೆಯ ಹತ್ತು ಸಾಲುಗಳಲ್ಲಿ ಐದು ಹೀಗಿವೆ. 'ಹೆಮ್ಮೆಪಡುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ' ಎಂಬ ಮಾತಿಗೆ ಒಳ್ಳೆಯ ಆತ್ಮಗೌರವ ಇರುವವರು 'ಒಪ್ಪುವುದಿಲ್ಲ' ಎನ್ನಬೇಕು. ಇಲ್ಲ ಎಂಬುದಕ್ಕೆ ಇಲ್ಲ. ಸ್ಪ್ಯಾನಿಷ್‌ನಲ್ಲಿ ಸಹಜ ಮಾತಿನಲ್ಲೇ ಎರಡು ನಿಷೇಧ ಸೇರಿ ಒಂದೇ ನಿಷೇಧವಾಗುವುದರಿಂದ ಓದು ಕಡಿಮೆ ಇರುವವರಿಗೆ ಇದು ಗೊಂದಲ. ಫಲವಾಗಿ ಅಂಶ ವಿಶ್ಲೇಷಣೆಯಲ್ಲಿ (ಉತ್ತರಗಳು ಒಟ್ಟಿಗೆ ಏರಿಳಿಯುವ ಸಾಲುಗಳನ್ನು ಗುಂಪು ಮಾಡಿ, ಅವುಗಳ ಹಿಂದಿನ ಗುಣವನ್ನು 'ಅಂಶ' ಎನ್ನುವ ಲೆಕ್ಕ) ನೇರ ಸಾಲುಗಳದೊಂದು ಗುಂಪು, ಉಲ್ಟಾ ಸಾಲುಗಳದೊಂದು ಗುಂಪು ಬೇರೆಬೇರೆ ಕಾಣುತ್ತವೆ. ಅದನ್ನು ನೋಡಿ ಆತ್ಮಗೌರವಕ್ಕೆ ಎರಡು ಮುಖಗಳಿವೆ ಎಂದು ಸಿದ್ಧಾಂತ ಕಟ್ಟಿದವರೂ ಇದ್ದಾರೆ. ಬಹುಮಟ್ಟಿಗೆ ಅದು ವಾಕ್ಯರಚನೆಯ ನೆರಳು. 2018ರಲ್ಲಿ 'ಸಿಕೊತೇಮ' ಪತ್ರಿಕೆಯಲ್ಲಿ ಸ್ಪೇನಿನ ಸಂಶೋಧಕರು ಒಂದೇ ಪ್ರಶ್ನಾವಳಿಯನ್ನು ಪೂರ್ತಿ ನೇರ, ಪೂರ್ತಿ ಉಲ್ಟಾ, ಬೆರಕೆ ಎಂದು ಮೂರು ರೂಪದಲ್ಲಿ ಕೊಟ್ಟು ನೋಡಿ, ಬೆರಕೆ ಮಾಡುವುದೇ ಪ್ರಶ್ನಾರ್ಹ ಎಂದು ತೀರ್ಮಾನಿಸಿದರು.

ರೋಸೆನ್‌ಬರ್ಗ್‌ನ ಎಂಟನೆಯ ಸಾಲು ವಿಶೇಷ ಪ್ರಕರಣ. 'ನನ್ನ ಬಗ್ಗೆ ನನಗೇ ಇನ್ನಷ್ಟು ಗೌರವ ಇರಬೇಕಿತ್ತು ಅನಿಸುತ್ತದೆ.' ಅಮೆರಿಕದ ಓದುಗನಿಗೆ ಇದು ಕೊರತೆಯ ಮಾತು. ಬೇರೆಡೆ ಇದನ್ನೇ ಬೆಳೆಯುವ ಹಂಬಲ ಎಂದು ಓದಿಕೊಂಡು, ತಮ್ಮ ಬಗ್ಗೆ ಸಮಾಧಾನ ಇರುವವರೂ ಒಪ್ಪಿಬಿಡುತ್ತಾರೆ. 2005ರಲ್ಲಿ ಪ್ರಕಟವಾದ 53 ದೇಶಗಳ ಹೋಲಿಕೆಯಲ್ಲಿ ಉಳಿದ ಸಾಲುಗಳ ಜೊತೆ ಹೊಂದದೆ ಪಕ್ಕಕ್ಕೆ ನಿಂತದ್ದು ಇದೇ. ಅನುವಾದ ಎಷ್ಟೇ ಚೆನ್ನಾಗಿರಲಿ, ಸಾಲಿನೊಳಗಿನ ಊಹೆಯೇ ಗಡಿ ದಾಟದಿದ್ದರೆ ಪದ ತಿದ್ದಿ ಪ್ರಯೋಜನವಿಲ್ಲ.

ಸಂಕಟವನ್ನು ಹೇಳಿಕೊಳ್ಳುವ ರೀತಿಗೂ ಇದೇ ಮಾತು ಅನ್ವಯ. ಕೆರಿಬಿಯನ್ ಮತ್ತು ಲ್ಯಾಟಿನ್ ಅಮೆರಿಕದ ಎಷ್ಟೋ ಕಡೆ ಜನ 'ಖಿನ್ನತೆ' ಎನ್ನುವುದಿಲ್ಲ, 'ನೆರ್ವಿಯೋಸ್', ಅಂದರೆ 'ನರಗಳು' ಎನ್ನುತ್ತಾರೆ. ನಡುಕ, ಎದೆಬೇಗೆ, ಅಳು, ಕೂಗಾಟ ಒಟ್ಟಿಗೆ ಬರುವ 'ಅತಾಕೆ ದೆ ನೆರ್ವಿಯೋಸ್' ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಮ್‌ನಲ್ಲೇ ಸಾಂಸ್ಕೃತಿಕ ಸಂಕಟವಾಗಿ ದಾಖಲಾಗಿದೆ. ಅಮೆರಿಕದಲ್ಲಿ 1982–84ರಲ್ಲಿ ನಡೆದ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರ) ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಗ್ವಾರ್ನಾಚ್ಚಿಯ ಮತ್ತು ಸಂಗಡಿಗರು 1989ರಲ್ಲಿ ವಿಶ್ಲೇಷಿಸಿದಾಗ, ಸಿಇಎಸ್-ಡಿ ಮನಸ್ಸಿನ ದುಃಖ ಮತ್ತು ದೇಹದ ತೊಂದರೆ ಎಂದು ಎರಡಾಗಿ ವಿಂಗಡಿಸಿದ್ದ ಲಕ್ಷಣಗಳು ಮೆಕ್ಸಿಕನ್, ಕ್ಯೂಬನ್, ಪೋರ್ಟೊರಿಕನ್ ಮೂಲದವರಲ್ಲಿ ಒಂದಾಗಿ ಬೆರೆತಿದ್ದವು. ಹೃದಯ ಭಾರವಾಗುವುದಕ್ಕೂ ನಿದ್ದೆ ಕೆಡುವುದಕ್ಕೂ ಮಧ್ಯೆ ಗೆರೆ ಎಳೆದದ್ದು ಪ್ರಶ್ನಾವಳಿಯೇ ಹೊರತು ಆ ಜನರಲ್ಲ. ಕನ್ನಡದ 'ಬೇಜಾರು' ನೆನಪಿಸಿಕೊಂಡರೆ ಇದು ಚೆನ್ನಾಗಿ ತಿಳಿಯುತ್ತದೆ: ದುಃಖ, ಬೇಸರ, ಅಸಮಾಧಾನ, ಹೊತ್ತು ಹೋಗದಿರುವುದು, ಎಲ್ಲವೂ ಅದರೊಳಗಿದೆ.

ಈಗ ಅಂಕಿಗಳ ಕಡೆ. ಮಾದರಿ ಗುಂಪು ಕನಿಷ್ಠ ಮುನ್ನೂರು ಇರಲಿ, ದೇಶಗಳನ್ನು ಹೋಲಿಸುವುದಾದರೆ ಪ್ರತಿ ದೇಶಕ್ಕೂ ಅಷ್ಟು. ಸಂಖ್ಯೆಗಿಂತ ಮುಖ್ಯ, ಅವರು ಯಾರು ಎಂಬುದು. ಮನಶ್ಶಾಸ್ತ್ರ ವಿಭಾಗದ ವಿದ್ಯಾರ್ಥಿಗಳನ್ನೇ ತರಗತಿಯಲ್ಲಿ ಕೂರಿಸಿ ತುಂಬಿಸಿದ ಆರುನೂರು ಹಾಳೆ ಆಸ್ಪತ್ರೆಯ ರೋಗಿಗಳ ಬಗ್ಗೆ ಏನನ್ನೂ ಹೇಳದು. ಕ್ರೋನ್‌ಬಾಕ್ ಆಲ್ಫಾ ಎಂಬ ಸೂಚ್ಯಂಕ 0.85 ಬಂತು ಎಂಬುದು ಸಾಲುಗಳು ಪರಸ್ಪರ ಹೊಂದುತ್ತವೆ ಎಂಬುದಕ್ಕೆ ಸೂಚನೆ; ಅವು ಒಂದೇ ಗುಣವನ್ನು ಅಳೆಯುತ್ತವೆ ಎಂಬುದಕ್ಕಲ್ಲ, ನಮಗೆ ಬೇಕಾದ ಗುಣವನ್ನು ಅಳೆಯುತ್ತವೆ ಎಂಬುದಕ್ಕಂತೂ ಅಲ್ಲವೇ ಅಲ್ಲ. ನಾಲ್ಕು ಆಯ್ಕೆಗಳ ಉತ್ತರಕ್ಕೆ ಸಾಮಾನ್ಯ ಸಹಸಂಬಂಧ ಹಾಕಬಾರದು, ಇಂಥ ಮೆಟ್ಟಿಲು ಮೆಟ್ಟಿಲಾದ ಉತ್ತರಗಳಿಗೆಂದೇ ಇರುವ ಪಾಲಿಕೋರಿಕ್ ಸಹಸಂಬಂಧ ಹಾಕಬೇಕು. ಎಷ್ಟು ಅಂಶಗಳಿವೆ ಎಂದು ತೀರ್ಮಾನಿಸಲು 'ಐಗನ್ ಮೌಲ್ಯ ಒಂದಕ್ಕಿಂತ ಹೆಚ್ಚು' ಎಂಬ ಹಳೆಯ ನಿಯಮ ಬಿಟ್ಟು, ಮನಬಂದಂತೆ ಸೃಷ್ಟಿಸಿದ ಅಂಕಿಗಳೊಡನೆ ಹೋಲಿಸುವ ಸಮಾನಾಂತರ ವಿಶ್ಲೇಷಣೆ ಬಳಸಬೇಕು. ತರಗೋನದ ರೊವಿರ ಇ ವಿರ್ಜಿಲಿ ವಿಶ್ವವಿದ್ಯಾಲಯದವರು ರೂಪಿಸಿದ 'ಫ್ಯಾಕ್ಟರ್' ತಂತ್ರಾಂಶ ಇದನ್ನೆಲ್ಲ ಉಚಿತವಾಗಿ ಮಾಡಿಕೊಡುತ್ತದೆ. ಅಂಶಗಳನ್ನು ಹುಡುಕಿದ ಗುಂಪಿನ ಮೇಲೆಯೇ ಅವನ್ನು ದೃಢಪಡಿಸುವುದು ಪ್ರಶ್ನೆಪತ್ರಿಕೆ ಬಯಲು ಮಾಡಿ ಪರೀಕ್ಷೆ ನಡೆಸಿದ ಹಾಗೆ.

ಹೋಲಿಕೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಹಿಂದೆ ನಮ್ಮಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಿರಲಿಲ್ಲ. ಐದು ಸೇರು ಭತ್ತ, ಆರು ಸೇರು ಭತ್ತ ಎಂದು ಹೋಲಿಸುವ ಮೊದಲು ಸೇರುಗಳನ್ನೇ ಹೋಲಿಸಬೇಕಿತ್ತು. ಕೊಲಂಬಿಯಾದವರ ಸರಾಸರಿ ಅಂಕ ಸ್ಪೇನಿನವರಿಗಿಂತ ಎರಡು ಹೆಚ್ಚು ಎನ್ನುವ ಮೊದಲೂ ಅಷ್ಟೇ. ಇದಕ್ಕೆ ಮೂರು ಮೆಟ್ಟಿಲುಗಳ ಪರೀಕ್ಷೆಯಿದೆ: ಎರಡೂ ಕಡೆ ಸಾಲುಗಳ ಗುಂಪುಗಾರಿಕೆ ಒಂದೇ ಇದೆಯೇ, ಪ್ರತಿ ಸಾಲು ಗುಣಕ್ಕೆ ಅಂಟಿಕೊಂಡಿರುವ ಬಲ ಒಂದೇ ಇದೆಯೇ, ಗುಣ ಅಷ್ಟೇ ಇರುವ ಇಬ್ಬರು ಆ ಸಾಲಿಗೆ ಅಷ್ಟೇ ಅಂಕ ಕೊಡುತ್ತಾರೆಯೇ. ಮೂರನೆಯ ಮೆಟ್ಟಿಲು ಹತ್ತದೆ ಸರಾಸರಿಗಳನ್ನು ಹೋಲಿಸುವಂತಿಲ್ಲ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹೋದಾಗ ಮಾಹಿತಿಗೆ ಮಾದರಿ ಎಷ್ಟು ಹೊಂದುತ್ತದೆ ಎಂದು ಹೇಳುವ ಸಿಎಫ್‌ಐ ಎಂಬ ಸೂಚ್ಯಂಕ 0.01ಕ್ಕಿಂತ ಹೆಚ್ಚು ಕುಸಿದರೆ ಅಲ್ಲಿ ನಿಂತು ಯಾವ ಸಾಲು ಎಡವಿತು ಎಂದು ಹುಡುಕಬೇಕು. ಬೆಕ್ ಪ್ರಶ್ನಾವಳಿಯ ಸ್ಪ್ಯಾನಿಷ್ ಅನುವಾದದ ಮೇಲೆ 2001ರಲ್ಲಿ ನಡೆದ ಅಧ್ಯಯನ ಇಂಥ ಸಾಲುಗಳನ್ನು ತೋರಿಸಿತು: ಖಿನ್ನತೆ ಅಷ್ಟೇ ಇದ್ದರೂ 'ಅಳು ಬರುತ್ತದೆ', 'ಶಿಕ್ಷೆ ಅನುಭವಿಸುತ್ತಿದ್ದೇನೆ ಅನಿಸುತ್ತದೆ' ಎಂಬುದನ್ನು ಲ್ಯಾಟಿನೊಗಳು (ಲ್ಯಾಟಿನ್ ಅಮೆರಿಕ ಮೂಲದವರು) ಹೆಚ್ಚು ಒಪ್ಪುತ್ತಿದ್ದರು. ಅಳುವುದು ನಾಚಿಕೆಯಲ್ಲ ಎನ್ನುವ ಸಮಾಜದಲ್ಲಿ ಕಣ್ಣೀರಿನ ಸಾಲಿಗೆ ಬರುವ ಅಂಕದಲ್ಲಿ ಸಂಸ್ಕೃತಿಯ ಪಾಲೂ ಇರುತ್ತದೆ. ಉತ್ತರಿಸುವ ಶೈಲಿಯೂ ಸೇರಿಕೊಳ್ಳುತ್ತದೆ. 1989ರಲ್ಲಿ ಹುಯಿ ಮತ್ತು ಟ್ರಯಾಂಡಿಸ್ ಅಮೆರಿಕದ ನೌಕಾಪಡೆಯವರಲ್ಲಿ ನೋಡಿದಂತೆ, ಐದು ಆಯ್ಕೆ ಕೊಟ್ಟಾಗ ಹಿಸ್ಪಾನಿಕರು ಎರಡು ತುದಿಗಳನ್ನು ಹೆಚ್ಚಾಗಿ ಆರಿಸುತ್ತಿದ್ದರು. ಹತ್ತು ಆಯ್ಕೆ ಕೊಟ್ಟಾಗ ಆ ವ್ಯತ್ಯಾಸ ಉಳಿಯಲಿಲ್ಲ.

ಕೊನೆಯದು ಅಂಕದ ಗಡಿ, ಜನರ ಬದುಕಿಗೆ ನೇರವಾಗಿ ತಟ್ಟುವುದು ಇದೇ. ಪಿಎಚ್‌ಕ್ಯೂ-9ರ ಒಟ್ಟು ಅಂಕ 0ರಿಂದ 27. 10 ಮುಟ್ಟಿದರೆ ಖಿನ್ನತೆಯ ಶಂಕೆ. ಈ 10 ಬಂದದ್ದು 2001ರ ಅಮೆರಿಕದ ಅಧ್ಯಯನದಿಂದ. ಆರು ಸಾವಿರ ರೋಗಿಗಳಲ್ಲಿ 580 ಜನರನ್ನು ತಜ್ಞರು ಸಂದರ್ಶಿಸಿ ನೋಡಿದಾಗ, ಆ ಗಡಿ ಖಿನ್ನತೆ ಇರುವವರಲ್ಲಿ ಶೇ. 88 ಮಂದಿಯನ್ನು ಹಿಡಿದಿತ್ತು, ಇಲ್ಲದವರಲ್ಲಿ ಶೇ. 88 ಮಂದಿಯನ್ನು ಸರಿಯಾಗಿ ಬಿಟ್ಟಿತ್ತು. ಇದೇ ಗುಣಮಟ್ಟ ಬೇರೆಡೆಯೂ ಇದೆ ಎಂದೇ ಇಟ್ಟುಕೊಳ್ಳಿ. ಶೇ. 10 ಮಂದಿಗೆ ಖಿನ್ನತೆ ಇರುವ ಸಾವಿರ ಜನರಲ್ಲಿ 88 ನಿಜವಾದ ರೋಗಿಗಳು ಸಿಗುತ್ತಾರೆ, ಜೊತೆಗೆ 108 ಆರೋಗ್ಯವಂತರೂ ಬಲೆಗೆ ಬೀಳುತ್ತಾರೆ. ಹತ್ತು ಮುಟ್ಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಖಿನ್ನತೆ ಇಲ್ಲ. ಹಾಗಿದ್ದೂ ಸಮೀಕ್ಷೆಗಳು ಈ ಅಂಕವನ್ನೇ ಹಿಡಿದು 'ಇಷ್ಟು ಪ್ರತಿಶತ ಜನರಿಗೆ ಖಿನ್ನತೆ' ಎಂದು ಸುದ್ದಿಯಾಗುತ್ತವೆ. ಗಡಿಯನ್ನು ಹೊಸ ಜನರಿಗೆ ಒಗ್ಗಿಸಬೇಕಾದರೆ ಪ್ರಶ್ನಾವಳಿಯ ಅಂಕ ಗೊತ್ತಿಲ್ಲದ ವೈದ್ಯರೊಬ್ಬರು ಅದೇ ವಾರ ಸಂದರ್ಶನ ಮಾಡಬೇಕು, ಗಡಿ ದಾಟದವರಲ್ಲೂ ಒಂದಷ್ಟು ಮಂದಿಯನ್ನು. ಇದು ದುಬಾರಿ; ಹಾಗಾಗಿ ಇದನ್ನೇ ಎಲ್ಲರೂ ಬಿಡುತ್ತಾರೆ.

ಇನ್ನೊಂದು ಮಾತು, ಕ್ಷೇತ್ರಕ್ಕೆ ಇಳಿಯುವವರಿಗೆ. ಪಿಎಚ್‌ಕ್ಯೂ-9ರ ಒಂಬತ್ತನೆಯ ಸಾಲು ಸಾವಿನ, ಸ್ವಹಾನಿಯ ಯೋಚನೆಯ ಬಗ್ಗೆ ಕೇಳುತ್ತದೆ. ಓದಲು ಬಾರದವರಿಗೆ ಹಾಳೆಯನ್ನು ಓದಿ ಹೇಳುವಾಗ, ಮನೆಯವರು ಪಕ್ಕದಲ್ಲೇ ಕೂತಿದ್ದರೆ ಬರುವ ಉತ್ತರ 'ಇಲ್ಲ'. ಒಂಟಿಯಾಗಿ ಕೇಳುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸೊನ್ನೆಯಲ್ಲದ ಉತ್ತರ ಬಂದರೆ ಅದೇ ದಿನ ಯಾರು ಮಾತಾಡಬೇಕು, ಎಲ್ಲಿಗೆ ಕಳಿಸಬೇಕು ಎಂಬುದು ಹಾಳೆ ಮುದ್ರಣಕ್ಕೆ ಹೋಗುವ ಮೊದಲೇ ಬರವಣಿಗೆಯಲ್ಲಿ ಇರಬೇಕು.